ಮೆಣಸಿನಕಾಯಿ ಒಣಗುವ ದಿನದ ಮಳೆ ರಜೆ

ಕಳೆದ ಮಂಗಳವಾರ ಬೆಳಿಗ್ಗೆ ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಅವಳ ಬ್ಯಾಗು, ಹಲ್ಲಿನಲ್ಲಿ ಸ್ಕೂಟಿ ಕೀ ಕಚ್ಚಿಕೊಂಡು ಸಾಕಮ್ಮನ ಮನೆಯ ಗೇಟಿನ ಮುಂದೆ ನಿಂತಿದ್ದೆ. ಸಾಕಮ್ಮ ಅಂಗಳದಲ್ಲಿ ಚಾಪೆ ಹಾಸಿ ಕೆಂಪು ಮೆಣಸಿನಕಾಯಿ ಹರವುತ್ತಿದ್ದರು. ಬೆಳ್ಳಂಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು.

"ಇವತ್ತು ಬೇಬಿ ಸೆಟ್ಟಿಂಗ್ ಇಲ್ಲ ಕಣಮ್ಮ" ಎಂದರು, ತಲೆ ಎತ್ತದೆ. "ಮಳೆ ರಜೆ."

ಕೀ ಬಾಯಿಂದ ಕೆಳಗೆ ಬಿತ್ತು.

"ಮಳೆ ಎಲ್ಲಿದೆ ಸಾಕಮ್ಮ?"

"ಭಾಗಮಂಡಲದಲ್ಲಿ ಸುರೀತಾ ಐತಂತೆ."

"ಅಲ್ಲಿ ಸುರಿದ್ರೆ ಇಲ್ಲಿ ಯಾಕೆ ರಜೆ?"

"ಅದ್ನ ಡೀಸಿ ಸಾಹೇಬ್ರನ್ನ ಕೇಳಿ. ಇಡೀ ಜಿಲ್ಲೆಗೆ ಕೊಟ್ಟವ್ರೆ. ನಮ್ದು ಜಿಲ್ಲೆ ಒಳಗೇ ಐತಲ್ವಾ?"

ಕೊಡಗು ಎಂದರೆ ಎಲ್ಲೆಲ್ಲೂ ಧೋ ಎಂದು ಮಳೆ ಅಂತ ಹೊರಗಿನವರು ತಿಳಿದಿರುತ್ತಾರೆ. ನಮ್ಮ ಕುಶಾಲನಗರಕ್ಕೆ ಬಂದು ನೋಡಿ. ಮೋಡಗಳೆಲ್ಲ ಮಡಿಕೇರಿಯಲ್ಲೇ ಇಳಿದು ಖಾಲಿಯಾಗಿ, ಬರೀ ಗಾಳಿ ಮಾತ್ರ ನಮ್ಮ ಕಡೆ ಬರುತ್ತದೆ. ಛತ್ರಿ ಹಿಡಿಯುತ್ತೇವೆ, ಬಿಸಿಲಿಗೆ! ಆದರೆ ಬೆಟ್ಟದ ಮೇಲಿನ ಮಕ್ಕಳನ್ನು ನೋಡಿ ಒಂದೊಂದು ಸಲ ಜಿಲ್ಲೆಗೆಲ್ಲ ರಜೆ ಕೊಡುತ್ತಾರೆ. (ಕೊಡಲೇಬೇಕು, ಅಲ್ಲಿ ರಸ್ತೆಯ ಮೇಲೆ ಮರಗಳು ಬೀಳುತ್ತವೆ.) ಆ ದಿನ ನಮ್ಮೂರಿನ ಹುಡುಗರು ಮೈದಾನದಲ್ಲಿ ಬೆವರಿಳಿಸಿಕೊಂಡು ಕ್ರಿಕೆಟ್ ಆಡುತ್ತಾರೆ.

ಸರಿ, ಶಾಲೆಗೆ ರಜೆ, ಒಪ್ಪೋಣ. ಸಾಕಮ್ಮನಿಗೆ ಯಾಕೆ?

"ರಜೆ ಇರೋದು ಶಾಲೆಗೆ, ಅಂಗನವಾಡಿಗೆ" ಎಂದೆ.

"ನಾನೂ ಮಕ್ಳನ್ನೇ ತಾನೇ ನೋಡ್ಕಳದು? ಎಮ್ಮೆ ಕಾಯ್ತಾ ಇಲ್ಲವಲ್ಲ!"



ಸಾಕಮ್ಮನ ಪರಿಚಯ ಮಾಡಿಕೊಡದೆ ಮುಂದೆ ಹೋದರೆ ತಪ್ಪಾಗುತ್ತದೆ. ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಒಕ್ಕಲು ಮನೆತನ. ಗಂಡ, ಮಗ ಶುಂಠಿ, ಜೋಳ ಅಂತ ಹೊಲದಲ್ಲಿ. ಸಾಕಮ್ಮ ಮನೆಯಲ್ಲಿ ನಮ್ಮಂಥ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅದನ್ನು ಅವರು ಬೇಬಿ ಸೆಟ್ಟಿಂಗ್ ಅನ್ನುತ್ತಾರೆ. ತಿದ್ದಲು ಹೋಗಿಲ್ಲ. ನನ್ನ ಮಗಳು ಮಿಂಚು ಅಲ್ಲಿ ಎರಡೇ ವಾರದಲ್ಲಿ ಸೆಟ್ ಆದದ್ದನ್ನು ನೋಡಿದರೆ ಆ ಪದವೇ ಸರಿ ಅನ್ನಿಸುತ್ತದೆ.

ಮಗಳನ್ನು ಮೊದಲ ಸಲ ಬಿಡಲು ಹೋದಾಗ ತಿಂಗಳಿಗೆ ಎಷ್ಟು ಅಂತ ಹೇಳಿದ ಸಾಕಮ್ಮ, "ಮಿಕ್ಕಿದ್ದೆಲ್ಲ ಆಮ್ಯಾಕೆ ಮಾತಾಡ್ಕಳನ" ಎಂದಿದ್ದರು. ನಾನೂ ತಲೆಯಾಡಿಸಿದ್ದೆ. ಅಯ್ಯೋ, ಎಲ್ಲಾ ಜಗಳವೂ ಇರೋದು ಆ ಮಿಕ್ಕಿದ್ದರಲ್ಲೇ!

ಮಗೂಗೆ ಜ್ವರ ಬಂದು ಒಂದು ವಾರ ಕಳಿಸಲಿಲ್ಲ. ಆ ವಾರದ ಫೀಸು ಕೊಡಬೇಕಾ? "ಮಗ ಬರ್ಲಿಲ್ಲ ಸರಿ, ನಾನು ಮನೇಲೇ ಇದ್ನಲ್ಲ?" ಎಂದರು ಸಾಕಮ್ಮ. ಆಯ್ತು, ಅದರಲ್ಲೂ ನ್ಯಾಯವಿದೆ. ಮುಂದಿನ ತಿಂಗಳು ಅವರ ತಂಗಿಯ ಮಗಳ ಮದುವೆ. ಮನೆಗೆ ಬೀಗ ಹಾಕಿಕೊಂಡು ಹೋದರು. ಆ ದಿನಗಳ ಫೀಸು? "ಮಗ ಬರಾಕೆ ರೆಡಿ ಇತ್ತಲ್ವಾ? ನಾನು ಬ್ಯಾಡ ಅಂದ್ನಾ? ಮದ್ವೆ ಬಂತು." ಒಂದು ಸಲ ಅವರಿದ್ದರು ಅಂತ ಕೊಡಬೇಕು, ಇನ್ನೊಂದು ಸಲ ಮಗು ಇತ್ತು ಅಂತ ಕೊಡಬೇಕು. ಇಂಥ ಲಾಯರು ಮಡಿಕೇರಿ ಕೋರ್ಟಿನಲ್ಲೂ ಸಿಗಲಿಕ್ಕಿಲ್ಲ.

ನಾವೇನು ಕಡಿಮೆಯೇ? ಜ್ವರ, ನೆಗಡಿ ಇರುವ ಮಗುವನ್ನು ತರಬೇಡಿ, ಮಿಕ್ಕ ಮಕ್ಕಳಿಗೂ ಹತ್ತುತ್ತದೆ ಅಂತ ಸಾಕಮ್ಮ ಕಟ್ಟಪ್ಪಣೆ ಮಾಡಿದ್ದಾರೆ. ಅಂದಿನಿಂದ ನಮ್ಮ ಮಕ್ಕಳಿಗೆ ಯಾರಿಗೂ ನೆಗಡಿಯೇ ಆಗಿಲ್ಲ. ಮೂಗು ಸೋರುತ್ತಿದ್ದರೆ ತಾಯಂದಿರೆಲ್ಲ ಒಂದೇ ಮಾತು ಹೇಳುತ್ತೇವೆ. "ಡಸ್ಟ್ ಅಲರ್ಜಿ!"

ಇನ್ನೊಂದು ವಿಷಯ. ನಾನು ಕೆಲಸ ಮಾಡುವುದು ಸಹಕಾರಿ ಸೊಸೈಟಿಯಲ್ಲಿ. ಹಬ್ಬಕ್ಕೆ ರಜೆ, ಶನಿವಾರಕ್ಕೆ ರಜೆ, ಹೊಟ್ಟೆನೋವಿಗೆ ರಜೆ. ಎಲ್ಲಕ್ಕೂ ಸಂಬಳ ಇದೆ. ಅದಕ್ಕೆ ನಾವು ಹಕ್ಕು ಅನ್ನುತ್ತೇವೆ. ಅದನ್ನೇ ಸಾಕಮ್ಮ ಕೇಳಿದರೆ? "ಇವರಿಗೆ ಆಸೆ ಜಾಸ್ತಿ ಆಯ್ತು" ಅನ್ನುತ್ತೇವೆ. ಇದು ನನಗೆ ಹೊಳೆದದ್ದು ಈಗ ಬರೆಯುತ್ತಾ ಕೂತಾಗ. ಮಂಗಳವಾರ ಬೆಳಿಗ್ಗೆ ಇಷ್ಟೆಲ್ಲ ಹೊಳೆಯುವ ಸ್ಥಿತಿ ಇರಲಿಲ್ಲ. ಅಂದು ನಮ್ಮಲ್ಲಿ ಆಡಿಟ್. ಮಡಿಕೇರಿಯಿಂದ ಆಡಿಟರು ಬರುವವರಿದ್ದರು, ರಜೆ ಹಾಕುವ ಮಾತೇ ಇಲ್ಲ. ನನ್ನ ಯಜಮಾನರು ಸಿದ್ದಾಪುರದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ನಸುಕಿನಲ್ಲೇ ಹೊರಟಾಗಿತ್ತು. ಅತ್ತೆ ಹುಣಸೂರಿನಲ್ಲಿ. ಅವರಿಗೆ ಮೊಮ್ಮಗಳ ಮೇಲೆ ಪ್ರಾಣ, ಆದರೆ ಹಸುಗಳ ಮೇಲೂ ಪ್ರಾಣ.

ಹಾಗಾಗಿ ತಾಳ್ಮೆ ಕೆಟ್ಟಿತು. "ಇವತ್ತಿನ ದುಡ್ಡು ಕಟ್ ಮಾಡ್ತೀನಿ ನೋಡಿ" ಎಂದುಬಿಟ್ಟೆ.

ಸಾಕಮ್ಮ ಆಗ ತಲೆ ಎತ್ತಿದರು. ಸೆರಗಿಗೆ ಕೈ ಒರೆಸಿಕೊಂಡರು.

"ಮಾಡ್ಕಳಿ. ನಾಳಿಂದ ಬ್ಯಾರೆ ಕಡೆ ನೋಡ್ಕಳಿ. ಬ್ಯಾಂಕಿನ ಮೇಡಮ್ಮೋರು ಅವ್ರ ಮಗೀಗೆ ಜಾಗ ಐತಾ ಅಂತ ದಿನಾ ಕೇಳ್ತಾವ್ರೆ."

"ನೋಡ್ಕೋತೀನಿ ಬಿಡಿ!" ಎಂದು ಸ್ಕೂಟಿ ತಿರುಗಿಸಿದೆ. ಸರ್ಕಲ್ ಬರುವಷ್ಟರಲ್ಲಿ ಸ್ಕೂಟಿ ನಿಧಾನ ಮಾಡಿದೆ. ಬೇರೆ ಕಡೆ ಅಂದರೆ ಎಲ್ಲಿ? ಪ್ಲೇ ಸ್ಕೂಲಿನವರು ಮೂರು ತುಂಬದೆ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೂ ಮಧ್ಯಾಹ್ನಕ್ಕೇ ವಾಪಸ್. ಸಾಕಮ್ಮ ಇಲ್ಲದಿದ್ದರೆ ನನ್ನ ನೌಕರಿಯೇ ಇಲ್ಲ. ಇದು ಗೇಟಿನ ಮುಂದೆ ನೆನಪಾಗಲಿಲ್ಲ ನೋಡಿ.

ಮಿಂಚುವನ್ನು ಆಫೀಸಿಗೇ ಕರೆದುಕೊಂಡು ಹೋದೆ.

ಆಡಿಟರು ಬಂದರು. ಮೊಣಕಾಲುದ್ದದ ಗಂಬೂಟು, ತಲೆಯಿಂದ ಪಾದದವರೆಗೆ ನೀರು ತೊಟ್ಟಿಕ್ಕುವ ರೇನ್‌ಕೋಟು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಘಾಟಿ ಇಳಿದ ಮೇಲೆ ಬೈಕು ನಿಲ್ಲಿಸಿ ಬಿಚ್ಚಲು ಪುರಸೊತ್ತಾಗಲಿಲ್ಲವಂತೆ. ಮಿಂಚು ಅವರನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಮಳೆ ಮಾಮ ಬಂತು" ಎಂದಳು. ಆ ಹೆಸರು ಸಂಜೆಯವರೆಗೂ ಬಿಡಲಿಲ್ಲ.

ಮಧ್ಯಾಹ್ನದವರೆಗೆ ಪರವಾಗಿಲ್ಲ. ನಮ್ಮ ಸೀಲನ್ನು ತನ್ನ ಹೊಟ್ಟೆಯ ಮೇಲೆ ಒತ್ತಿಕೊಂಡಳು, ಅಷ್ಟೆ. ಊಟಕ್ಕೆ ಕೂರಿಸಿದಾಗ ಶುರುವಾಯಿತು ಕಥೆ. ನಾಲ್ಕು ತುತ್ತು ಮೊಸರನ್ನ ಹೋಯಿತು. ಆಮೇಲೆ "ಸಾಕು" ಎಂದಳು. ನಾನು ಡಬ್ಬಿ ಮುಚ್ಚಿದೆ. ಮಕ್ಕಳು ಸಾಕು ಅಂದ ಕೂಡಲೇ ನಿಲ್ಲಿಸಬೇಕು, ತುರುಕಬಾರದು ಅಂತ ಯೂಟ್ಯೂಬಿನಲ್ಲಿ ನೋಡಿದ್ದೇನೆ.

ಮಿಂಚು ನನ್ನ ಮುಖವನ್ನೇ ನೋಡಿದಳು. ಏನನ್ನೋ ಕಾಯುವವಳ ಹಾಗೆ. ಮತ್ತೆ ಹೇಳಿದಳು. "ಸಾಕು!"

"ಹೂಂ ಕಂದ, ನಿಲ್ಸಿದೀನಲ್ಲ."

ತುಟಿ ಅದುರಿತು. "ಸಾಕೂ..." ರಾಗ ಎಳೆದಳು. ಡಬ್ಬಿಯನ್ನು ಬ್ಯಾಗಿನೊಳಗೆ ಇಟ್ಟೆ. ಅಳು ಜೋರಾಯಿತು. "ಸಾಕು ಬೇಕು! ಸಾಕು ಬೇಕೂ!"

"ಸಾಕೋ ಬೇಕೋ? ಎರಡರಲ್ಲಿ ಒಂದು ಹೇಳೇ!"

"ಸಾಕು ಬೇಕೂ!"

ಡಬ್ಬಿ ತೆಗೆದೆ. ಬಾಯಿ ಬಿಗಿ ಹಿಡಿದಳು. ಮುಚ್ಚಿದೆ. ಕಿರುಚಿದಳು. ಇಡೀ ಸೊಸೈಟಿ ಎದ್ದು ನಿಂತಿತು. ಆಡಿಟರು ಕನ್ನಡಕ ತೆಗೆದು, "ಎಂತ ಮೇಡಂ ಇದು? ಸಾಕು ಅಂತಲೂ ಹೇಳ್ತದೆ, ಬೇಕು ಅಂತಲೂ ಹೇಳ್ತದೆ. ಮಗುವಿನ ಲೆಕ್ಕವೂ ಟ್ಯಾಲಿ ಆಗ್ತಾ ಇಲ್ಲ ಅಲ್ವಾ?" ಎಂದರು. ಆ "ಲೆಕ್ಕವೂ" ಎಂಬಲ್ಲಿನ "ಊ" ನಮಗೆಲ್ಲ ಸರಿಯಾಗಿಯೇ ಕೇಳಿಸಿತು. ಮಿಂಚು ಅತ್ತು ಅತ್ತು ನನ್ನ ತೊಡೆಯ ಮೇಲೇ ನಿದ್ದೆ ಹೋದಳು. ಒಂದು ಕೈಯಲ್ಲಿ ಅವಳನ್ನು ತಟ್ಟುತ್ತಾ ಇನ್ನೊಂದು ಕೈಯಲ್ಲಿ ವೋಚರು ತೋರಿಸಿದೆ.

ಯಜಮಾನರಿಗೆ ಫೋನು ಮಾಡಿ ದುಃಖ ತೋಡಿಕೊಂಡೆ. "ನೀವೇ ಹೇಳಿ, ಮಳೆಗೆ ಕೆಲಸ ನಿಂತ ದಿನ ನಿಮ್ಮ ಎಸ್ಟೇಟಿನಲ್ಲಿ ಸಂಬಳ ಕೊಡ್ತಾರಾ?"

"ಲೈನುಮನೆಯ ಕೂಲಿಯವರಿಗಾ, ನನಗಾ?" ಎಂದರು. "ನನ್ನ ಕೇಳ್ಬೇಡ ಮಾರಾಯ್ತಿ, ಮನೇಲಿ ಜಗಳ ಆಗುತ್ತೆ. ಸಂಜೆ ಹೋಗಿ ಸಾಕಮ್ಮನ ಹತ್ತಿರ ರಾಜಿ ಮಾಡ್ಕೊ. ಆಡಿಟ್ ನಾಳೇನೂ ಇದೆಯಲ್ಲ?"

ಹೋದೆ. ಸಾಕಮ್ಮ ಚಾಪೆಯಿಂದ ಮೆಣಸಿನಕಾಯಿ ಬಾಚಿ ಮೊರಕ್ಕೆ ತುಂಬುತ್ತಿದ್ದರು. ಗರಿಗರಿಯಾಗಿ ಒಣಗಿದ್ದವು, ಮಳೆ ರಜೆಯ ಕೃಪೆ. ನನ್ನ ಕಡೆ ನೋಡಲಿಲ್ಲ. ನಾನೂ ಗೇಟು ಹಿಡಿದುಕೊಂಡು ನಿಂತೆ. ಯಾರು ಮೊದಲು ಮಾತಾಡಬೇಕು ಅನ್ನುವ ಬಿಗುಮಾನ.

ಕೊನೆಗೆ ಅವರೇ ಕೇಳಿದರು. "ಮಗ ಉಣ್ತಾ?"

"ನಾಲ್ಕೇ ತುತ್ತು. ಸಾಕು ಅಂದ್ಲು, ನಿಲ್ಲಿಸಿದೆ."

ಸಾಕಮ್ಮ ಮೊರ ಕೆಳಗಿಟ್ಟು ಹಣೆ ಹಣೆ ಚಚ್ಚಿಕೊಂಡರು. "ಸಾಕು ಅಂದ್ರೆ ನಿಲ್ಲುಸ್ಬುಡದಾ?"

ಅಷ್ಟರಲ್ಲಿ ಮಿಂಚು ನನ್ನ ಕಂಕುಳಿಂದ ಜಾರಿ ಓಡಿಯಾಗಿತ್ತು. "ಸಾಕೂ!"

"ಓ... ಕರುದ್ಯಾ ಕಂದಾ?" ಎಂದರು ಸಾಕಮ್ಮ. ಮಗಳು ಕಿಲಕಿಲ ನಕ್ಕಳು. ಒಳಗಿಂದ ತಟ್ಟೆಯಲ್ಲಿ ಅನ್ನ ಸಾರು ಬಂತು. ಒಂದು ತುತ್ತು. "ಸಾಕು!" "ಓ..." ನಗು, ತೆರೆದ ಬಾಯಿ, ಇನ್ನೊಂದು ತುತ್ತು. "ಸಾಕು!" "ಓ..." ಮತ್ತೊಂದು. ತಟ್ಟೆ ಖಾಲಿ.

"ಸಾಕಮ್ಮ ಅನ್ನಾಕೆ ಬರಾಕಿಲ್ಲ ಅದ್ಕೆ, ಸಾಕು ಅಂತದೆ" ಎಂದರು ಅವರು, ಮಗಳ ಬಾಯಿ ಒರೆಸುತ್ತಾ. "ಸಾಕು ಅಂದ್ರೆ ನಾನು ಓ ಅಂತೀನಿ. ಓ ಅಂದ್ರೆ ನಗ್ತದೆ. ನಗೋವಾಗ ಬಾಯಿ ತೆಗೀತದೆ. ಅಷ್ಟೆಯ."

ಮಧ್ಯಾಹ್ನವಿಡೀ ನನ್ನ ಮಗಳು ಇವರನ್ನು ಕರೆಯುತ್ತಿದ್ದಳು. ನಾನು ಡಬ್ಬಿ ಮುಚ್ಚುತ್ತಿದ್ದೆ! ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಹೆತ್ತವಳು ನಾನು, ಹಸಿವಾದಾಗ ಕರೆಯುವುದು ಬೇರೆಯವರ ಹೆಸರು. ಅದರ ಹಿಂದೆಯೇ ಒಂದು ನೆಮ್ಮದಿಯೂ ಬಂತು. ಹಸಿದಾಗ ಕರೆಯಲು ಅವಳಿಗೆ ಇನ್ನೊಂದು ಹೆಸರಿದೆಯಲ್ಲ. ಬ್ಯಾಂಕಿನ ಮೇಡಂಗೆ ಈ ಜಾಗ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ ಎಂದು ಜಗಲಿಯ ಮೇಲೆ ಕೂತೆ.

"ಮಿಕ್ಕಿದ್ದೆಲ್ಲ ಮಾತಾಡೋಣ ಬನ್ನಿ ಸಾಕಮ್ಮ."

ಮಾತಾಡಿದೆವು. ಮಗುವಿಗೆ ಜ್ವರ ಬಂದು ಬರದಿದ್ದರೂ ಫೀಸು ಇದೆ. "ಆ ಜಾಗಕ್ಕೆ ಎಲ್ಡು ದಿನಕ್ಕೆ ಇನ್ನೊಂದು ಮಗೀನ ತಂದು ಕೂರುಸ್ಕಳಾಕಾಯ್ತದಾ?" ಎಂದರು. ಒಪ್ಪಿದೆ. ಅಲರ್ಜಿಯೋ ನೆಗಡಿಯೋ ಎಂಬುದನ್ನು ಅವರೇ ಮೂಗು ನೋಡಿ ತೀರ್ಮಾನಿಸುತ್ತಾರೆ. ಅದನ್ನೂ ಒಪ್ಪಿದೆ. ಅವರ ರಜೆಯ ವಿಷಯಕ್ಕೆ ಬಂದಾಗ, ನಮ್ಮಲ್ಲಿ ಸಿ.ಎಲ್. ಅಂತ ಇದೆ, ಹಾಗೆ ಮಾಡೋಣ ಎಂದೆ.

"ಹಂಗಂದ್ರೆ?"

"ಕಾರಣ ಹೇಳಿ ತಗೊಳ್ಳೋ ರಜೆ. ಸಂಬಳ ಕಟ್ ಆಗಲ್ಲ."

"ಕಾರಣ ನಿಜ್ವಾಗ್ಲೂ ಇರ್ಬೇಕಾ?"

ಸೊಸೈಟಿಯ ಸಹೋದ್ಯೋಗಿಗಳ ಮುಖಗಳೆಲ್ಲ ಕಣ್ಣ ಮುಂದೆ ಬಂದವು. "ಹಾಗೇನಿಲ್ಲ" ಎಂದೆ.

"ಹಂಗಾದ್ರೆ ಅದೇ ಕೊಡಿ."

ಮಳೆ ರಜೆಯ ವಿಷಯಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಡೀಸಿಯವರ ಆದೇಶವನ್ನು ಮೀರುವಂತಿಲ್ಲ ಅಂತ ಅವರು, ಆಕಾಶವನ್ನೊಮ್ಮೆ ನೋಡಿ ಅಂತ ನಾನು. ಕೊನೆಗೆ ಇಬ್ಬರ ಕಣ್ಣೂ ಮೊರದ ಮೇಲೆ ಬಿತ್ತು. ಸಾಕಮ್ಮನ ಅಂಗಳದಲ್ಲಿ ಮೆಣಸಿನಕಾಯಿ ಒಣಗುವ ದಿನ ಮಳೆ ರಜೆ ಇಲ್ಲ. ಒಣಗದಿದ್ದರೆ ರಜೆ. ಇದಕ್ಕಿಂತ ನ್ಯಾಯವಾದ ಹವಾಮಾನ ವರದಿ ಎಲ್ಲಿದೆ?

ನಾನು ಗೆದ್ದವಳಂತೆ ಎದ್ದು ನಿಂತೆ. "ಹಬ್ಬಕ್ಕೆ ರಜೆ, ಮದುವೆಗೆ ರಜೆ, ನಿಮಗೆ ಹುಷಾರಿಲ್ಲದಿದ್ರೆ ರಜೆ, ಅದರ ಮೇಲೆ ಸಿ.ಎಲ್. ಬೇರೆ. ಯಾವುದಕ್ಕೂ ದುಡ್ಡು ಕಟ್ ಇಲ್ಲ. ಇಷ್ಟು ಸಾಕಾ ಸಾಕಮ್ಮ?"

"ಸಾಕು" ಎಂದರು.

ಅಬ್ಬಾ, ಮುಗಿಯಿತು ಅಂತ ಮಗಳನ್ನು ಎತ್ತಿಕೊಂಡು ಸ್ಕೂಟಿ ಕಡೆ ಹೊರಟೆ. ಹಿಂದಿನಿಂದ ಸಾಕಮ್ಮನ ದನಿ ಕೇಳಿಸಿತು.

"ಎಲ್ಲಿಗೆ ಹೊಂಟ್ರಿ? ಸಾಕು ಅಂದ್ರೆ ಇನ್ನೊಂದು ತುತ್ತು ಹಾಕ್ಬೇಕು ಅಂತ ಈಗ ತಾನೇ ಹೇಳ್ಕೊಟ್ನಲ್ಲಮ್ಮ!"