ನಸುಕಿನಲ್ಲಿ ಕಾಣದ ಬಣ್ಣ

ನಾನು ಹಡಗಲಿ ಕಡೆಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ನಮ್ಮ ಅತ್ತೆ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅರಳಿದ ಮಂಡಕ್ಕಿಯಿಂದ ಮರಳನ್ನು ಜರಡಿ ಹಿಡಿದು ಬೇರ್ಪಡಿಸುವುದು ಅವರ ಪಾಲಿನ ಕೆಲಸ. ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಮೊಣಕಾಲು ಹಿಡಿದುಬಿಟ್ಟಿದ್ದವು. ಅದಕ್ಕೆ ಅಂಗಡಿಯಿಂದ ನೋವಿನ ಗುಳಿಗೆ ತಂದಿಟ್ಟುಕೊಂಡು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹಾದ ಜೊತೆ ಒಂದು ನುಂಗುತ್ತಿದ್ದರು. ನೋವು ಜಾಸ್ತಿಯಾದರೆ ಮಧ್ಯಾಹ್ನ ಮತ್ತೊಂದು. ಓಣಿಯ ಎಷ್ಟೋ ಹೆಂಗಸರು ಹಾಗೇ ಮಾಡುತ್ತಿದ್ದರು.

ಅತ್ತೆಯ ಬಾಯಿ ಜೋರು. ರೊಟ್ಟಿ ದಪ್ಪವಾದರೆ ಬೈಗುಳ, ಕಸ ಉಳಿದರೆ ಬೈಗುಳ. ಎರಡನೇ ವರ್ಷ ಅದು ಕಡಿಮೆಯಾಯಿತು. ಕೊನೆಗೂ ನಾನು ಒಗ್ಗಿದೆ ಅಂದುಕೊಂಡು ಖುಷಿಪಟ್ಟೆ. ಅವರಿಗೆ ಬೈಯುವಷ್ಟು ಉಸಿರೇ ಇಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ನೀರಿನ ಕೊಡ ಹೊತ್ತು ಬರುವಾಗ ನಡುದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಹಸಿ ಅಕ್ಕಿ ತಿನ್ನುವ ಚಟ ಬೇರೆ ಹತ್ತಿತ್ತು. ಸೆರಗಿನ ಗಂಟಿನಲ್ಲಿ ಸದಾ ಒಂದು ಹಿಡಿ ಅಕ್ಕಿ. ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಪಕ್ಕದ ಮನೆಯವರು ವಯಸ್ಸು ಅಂದರು, ಇನ್ಯಾರೋ ದೃಷ್ಟಿ ಅಂದರು.

ಒಂದು ದಿನ ಭಟ್ಟಿಯಲ್ಲಿ ಕೂತಿದ್ದ ಅತ್ತೆ ಏಳಲು ಹೋಗಿ ಕಣ್ಣಿಗೆ ಕತ್ತಲೆ ಬಂದು ಬಿದ್ದರು. ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದ ನನ್ನ ಗಂಡ ಓಡಿ ಬಂದರು. ಇಬ್ಬರೂ ಸೇರಿ ಡಾಕ್ಟರ ಹತ್ತಿರ ಕರೆದೊಯ್ದೆವು. ವಯಸ್ಸಾದ ಡಾಕ್ಟರು ಅತ್ತೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ, ರಕ್ತ ತೀರ ಕಡಿಮೆ ಅಂದರು. ಮುಟ್ಟು ಎಂದೋ ನಿಂತಿದೆಯೆಂದು ಗೊತ್ತಾದ ಮೇಲೆ ಗುಳಿಗೆಯ ವಿಷಯ ಕೇಳಿದರು. ಆಮೇಲೆ ಮೆಲ್ಲಗೆ, "ಹೊರಕಡಿಗೆ ಹೋದಾಗ ಯಾವ ಬಣ್ಣ ಇರ್ತೈತಿ? ಕರ್ರಗ ಐತೇನು?" ಅಂದರು.

ನನ್ನ ಗಂಡ ನಾಚಿಕೊಂಡು ಹೊರಗೆ ಹೋದರು. ಅತ್ತೆ ತಲೆ ತಗ್ಗಿಸಿ, "ನಸುಕಿನಾಗ ಹೋಗಿ ನಸುಕಿನಾಗ ಬರ್ತೀವ್ರಿ. ಕತ್ತಲದಾಗ ಬಣ್ಣ ಹೆಂಗ ಕಾಣ್ಬೇಕು?" ಅಂದರು.

ಡಾಕ್ಟರು ನಗಲಿಲ್ಲ. ನಾಳೆ ಬೆಳಕಾದ ಮೇಲೆ ಹೋಗಿ ನೋಡಿ ಬಂದು ಹೇಳಿ ಅಂದರು.

ಮರುದಿನ ಓಣಿಯ ಹೆಂಗಸರೆಲ್ಲ ಬಯಲಿಗೆ ಹೋಗಿ ಬಂದ ಮೇಲೆ ನಾನೂ ಅತ್ತೆಯೂ ಹೊರಟೆವು. ಜಾಲಿ ಗಿಡಗಳ ಹಿಂದೆ ಅವರು ಕೂತರು, ನಾನು ಹಳೇ ಸೀರೆಯೊಂದನ್ನು ಅಗಲವಾಗಿ ಹಿಡಿದು ಅಡ್ಡ ನಿಂತೆ. ದೂರದಲ್ಲಿ ಎತ್ತಿನ ಗಾಡಿಯ ಸದ್ದಾದರೂ ಮೈಯೆಲ್ಲ ಹಿಡಿಯಾಗುತ್ತಿತ್ತು. ಎದ್ದವರು ನೋಡಿ, ನನ್ನನ್ನೂ ಕರೆದು ತೋರಿಸಿದರು. ರಸ್ತೆಗೆ ಹಾಕುವ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿತ್ತು. "ಯಾವಾಗಿಂದ ಹಿಂಗ ಐತೋ ಏನೋ," ಅಂದರು. ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

ಡಾಕ್ಟರ ಹತ್ತಿರ ಅತ್ತೆ ನನ್ನನ್ನೇ ಮುಂದೆ ತಳ್ಳಿದರು, ನಾನು ಹೇಳಿದೆ. ನೋವಿನ ಗುಳಿಗೆಯಿಂದ ಜಠರದಲ್ಲಿ ಹುಣ್ಣಾಗಿದ್ದೀತು, ಅಲ್ಲಿಂದ ರಕ್ತ ದಿನಾ ಸ್ವಲ್ಪ ಸ್ವಲ್ಪ ಜಿನುಗುತ್ತಿದೆ ಅಂದರು ಅವರು. ಕರುಳಿನಲ್ಲಿ ಇಳಿಯುವಷ್ಟರಲ್ಲಿ ಅದು ಕಪ್ಪಾಗುವುದರಿಂದ ರಕ್ತವೆಂದು ಯಾರಿಗೂ ತಿಳಿಯುವುದಿಲ್ಲವಂತೆ. ಹೋದ ರಕ್ತವನ್ನು ತುಂಬಿ ತುಂಬಿ ಮೈಯೊಳಗಿನ ಕಬ್ಬಿಣದಂಶವೆಲ್ಲ ಖರ್ಚಾಗಿದೆ, ಹಸಿ ಅಕ್ಕಿಯ ಆಸೆಯೂ ಅದರಿಂದಲೇ ಇರಬಹುದು ಅಂದರು. ನಂಬಲಾಗದೆ ಅತ್ತೆ ಕೇಳಿದರು: "ಹೊಟ್ಟಿ ನೋವ ಇಲ್ಲಲ್ರಿ?" ಎಲ್ಲರಿಗೂ ನೋವು ಬರಬೇಕೆಂದಿಲ್ಲ ಅಂದರು ಡಾಕ್ಟರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ನನ್ನ ಗಂಡನ ರಕ್ತ ಹೊಂದಿಕೆಯಾಯಿತು. ನೋವಿನ ಗುಳಿಗೆ ಬಂದ್ ಆಯಿತು. ಹುಣ್ಣಿಗೆ ಬಿಳಿ ಔಷಧ, ರಕ್ತಕ್ಕೆ ಕಬ್ಬಿಣದ ಗುಳಿಗೆ. ಆ ಗುಳಿಗೆಯಿಂದಲೂ ಕಪ್ಪಗಾಗುತ್ತದೆ, ಹೆದರಬೇಡಿ, ಮತ್ತೆ ಡಾಂಬರಿನಂತಾದರೆ ಮಾತ್ರ ತಡಮಾಡದೆ ಬನ್ನಿ ಎಂದು ಹೇಳಿ ಕಳಿಸಿದರು. ತಿಂಗಳುಗಳು ಹಿಡಿದವು, ಆದರೆ ತುಟಿಗೆ ಬಣ್ಣ ಬಂತು. ಮೊಣಕಾಲಿನ ನೋವು ಮಾತ್ರ ಹೋಗಲಿಲ್ಲ. ಬಿಸಿ ಮರಳಿನ ಗಂಟಿನಿಂದ ಶಾಖ ಕೊಟ್ಟುಕೊಳ್ಳುತ್ತಾ ಸಹಿಸಿದರು.

ಆ ಬೇಸಿಗೆಯಲ್ಲಿ ನನ್ನ ಗಂಡ ಹಿತ್ತಲಿನಲ್ಲಿ ಗುಂಡಿ ತೋಡಿಸಿ, ತಗಡಿನ ಬಾಗಿಲಿಟ್ಟು ಪಾಯಖಾನೆ ಕಟ್ಟಿಸಿದರು. ಓಣಿಯಲ್ಲಿ ಅದೇ ಮೊದಲನೆಯದು. ಮನೆಗೆ ಅಷ್ಟು ಹತ್ತಿರ ಇಂಥದ್ದು ಬೇಡವೆಂದು ಅತ್ತೆ ಕೆಲವು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೊಂದು ಬೆಳಿಗ್ಗೆ, ಬಿಸಿಲು ಬಿದ್ದ ಮೇಲೆ, ಚೊಂಬು ಹಿಡಿದು ತಾವೇ ಆ ಕಡೆ ನಡೆದರು.