ಅದಲುಬದಲು ಮೇಷ್ಟ್ರು

ಈ ಗಣಿತದ ಮೇಷ್ಟ್ರಿಗೆ ಉದ್ದಗಿರುವುದು ಏನು ಕಂಡರೂ ಕೈ ಸುಮ್ಮನಿರದು. ಒಂದು ಗೆರೆಯನ್ನು ತುಂಡರಿಸಿ, ತುಂಡುಗಳ ಜಾಗ ಅದಲುಬದಲು ಮಾಡಿ, ಮತ್ತೆ ಅದೇ ಅಳತೆಗೆ ಕತ್ತರಿಸಿ ಅದಲುಬದಲು ಮಾಡುತ್ತಲೇ ಹೋದರೆ ಅದರ ಮೇಲಿನ ಚುಕ್ಕೆಯೊಂದು ಎಲ್ಲೆಲ್ಲಿ ಅಲೆಯುತ್ತದೆ ಎಂಬುದೇ ಅವರ ಜೀವಮಾನದ ಅಧ್ಯಯನ. ತಿಂಡಿಗೆ ಕೂತರೆ ತಟ್ಟೆಯ ಸೌತೆಕಾಯಿ ಹೋಳಾಗಿ ಹಿಂದುಮುಂದಾಗುತ್ತದೆ. ಪುಸ್ತಕದ ಕಪಾಟಿಗಂತೂ ದಿನಾ ಬೆಳಿಗ್ಗೆ ಇದೇ ಗತಿ. "ನನ್ನ ಹೊಲಿಗೆ ಪುಸ್ತಕ ಎಲ್ಲಿ ಹಾಳಾಗಿ ಹೋಯ್ತು?" ಎಂದು ಹೆಂಡತಿ ಸಿಡುಕಿದರೆ, "ಸ್ವಲ್ಪ ತಾಳು ಕಣೇ, ಅಲೆದಲೆದು ಹಳೇ ಜಾಗದ ಹತ್ತಿರಕ್ಕೆ ಬಂದೇ ಬರುತ್ತೆ" ಎಂದು ನಗುತ್ತಾರೆ. ಕಣ್ಣು ಕಾಣದ ಅತ್ತೆಯ ಕೋಣೆಯಲ್ಲಿ ಮಾತ್ರ ಲೋಟ, ಕೋಲು, ರೇಡಿಯೋ ಕೂದಲೆಳೆಯಷ್ಟೂ ಕದಲುವಂತಿಲ್ಲ. ಗುಡಿಸುವಾಗ ಸರಿದರೆ ಮೇಷ್ಟ್ರೇ ಓಡಿಹೋಗಿ ಮೊದಲಿದ್ದಲ್ಲಿಗೇ ಇಡುತ್ತಾರೆ. ಹಾಗಾಗಿ ಅತ್ತೆ ಮಗಳನ್ನು ಗದರುವುದುಂಟು: "ಅಳಿಯಂದಿರನ್ನ ನೋಡಿ ಕಲಿತುಕೋ, ಒಂದು ವಸ್ತುವನ್ನಾದರೂ ಜಾಗ ತಪ್ಪಿಸಿದ್ದಾರಾ?"