ಹನ್ನೆರಡು ಇಂಚಿನ ಹೂವು

ನಮ್ಮ ಕಡೆ ಮಳೆಯನ್ನು ಇಂಚಿನಲ್ಲೇ ಹೇಳಬೇಕು. ಮಿಲಿಮೀಟರ್ ಎಂದರೆ ಮಾವನವರಿಗೆ ಅದು ಮಳೆಯೇ ಅಲ್ಲ. ಅದಕ್ಕೇ ಬಾಳೆಲೆ ಊರಿನ ನಮ್ಮ ಕಾಫಿ ತೋಟದಲ್ಲಿಟ್ಟ ಮಳೆ ಅಳೆಯುವ ಯಂತ್ರ ಮಿಲಿಮೀಟರಿನಲ್ಲಿ ಕಳಿಸಿದ್ದನ್ನು ಇಂಚಿಗೆ ತಿರುಗಿಸಿ, ಅಮ್ಮತ್ತಿಯ ಮನೆಯಲ್ಲಿ ಕೂತ ನಮಗೂ ನೆಂಟರಿಷ್ಟರಿಗೂ ಮೆಸೇಜು ಹಾಕುವ ಪುಟ್ಟ ವೆಬ್ ಸರ್ವಿಸೊಂದನ್ನು ನಾನೇ ಬರೆದಿದ್ದೆ. ಹೊಟ್ಟೆಪಾಡಿಗೆ ನಾನು ಮಾಡುವುದೂ ಅದೇ ಕೆಲಸ.

ಆ ವರ್ಷ ತೋಟದ ಕೆರೆಯಲ್ಲಿದ್ದದ್ದು ಒಂದೇ ಸುತ್ತಿನ ನೀರು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಇಂಚಿನಷ್ಟು ಬಂದರೆ ಸ್ಪ್ರಿಂಕ್ಲರ್ ಬೇಡ, ನೀರು ಉಳಿಯುತ್ತದೆ. ಅರೆಬರೆ ಬಂದರೆ ಕೂಡಲೇ ಮೇಲಿಂದ ನೀರು ಹೊಡೆಯಬೇಕು, ಇಲ್ಲದಿದ್ದರೆ ಕಾಫಿಯ ಮೊಗ್ಗು ಅಲ್ಲೇ ಕರಟಿಹೋಗುತ್ತದೆ. ಇಡೀ ವರ್ಷದ ಫಸಲು ಅದರ ಮೇಲೆ ನಿಂತಿತ್ತು.

ಇಂಥ ಹೊತ್ತಿನಲ್ಲಿ ಯಂತ್ರದ ಕಂಪನಿಯವರು ಅದು ಲೆಕ್ಕ ಕಳಿಸುವ ರೀತಿಯ ಹೊಸ ವಿವರ ಕಳಿಸಿದರು. ಅದನ್ನು, ವಿವರ ಕೊಟ್ಟರೆ ತಾನೇ ಪ್ರೋಗ್ರಾಮು ಬರೆದುಕೊಡುವ ಕೋಡ್ ಜನರೇಟರಿಗೆ ತಿನ್ನಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಫೈಲುಗಳನ್ನೆಲ್ಲ ಹೊಸದಾಗಿ ಬರೆದು, ನಾನು ಕೈಯಾರೆ ಸೇರಿಸಿದ್ದ, ಇಂಚಿಗೆ ತಿರುಗಿಸುವ ಸಾಲುಗಳನ್ನು ಗುಡಿಸಿಹಾಕಿತು. ಇಲ್ಲಿ ಬರೆಯಬೇಡಿ, ಅಳಿಸಿಹೋಗುತ್ತದೆ ಎಂದು ಫೈಲಿನ ನೆತ್ತಿಯ ಮೇಲೇ ಇತ್ತು. ಅದನ್ನೆಲ್ಲ ಯಾರು ಓದುತ್ತಾರೆ?

ಮರುದಿನ ಬೆಳಿಗ್ಗೆ ಎಲ್ಲರ ಫೋನಿಗೂ ಸುದ್ದಿ ಹೋಯಿತು: ಬಾಳೆಲೆ, ಹನ್ನೆರಡು ಇಂಚು.

ಒಬ್ಬರು ದೋಣಿ ಕಳಿಸಲೇ ಎಂದು ಕೇಳಿದರು. ಇನ್ನೊಬ್ಬರು ಕಾಫಿ ಬುಡದಲ್ಲಿ ಮೀನು ಸಿಕ್ಕಿತೇ ಎಂದರು. ಪಾಲಿಬೆಟ್ಟದಲ್ಲಿ ಮಾವನವರ ಹಳೇ ಗೆಳೆಯರೊಬ್ಬರಿದ್ದಾರೆ, ನಾವು ಎಷ್ಟು ಮಳೆ ಹೇಳಿದರೂ ಅದಕ್ಕಿಂತ ಒಂದಿಷ್ಟು ಹೆಚ್ಚು ಹೇಳಿಯೇ ಅಭ್ಯಾಸ. ಅವರು ಫೋನ್ ಮಾಡಿ, ಹಿಂದೆ ಮುಂದೆ ನೋಡದೆ, "ನಮ್ಮಲ್ಲಿ ಹನ್ನೆರಡೂವರೆ" ಎಂದುಬಿಟ್ಟರು. ನಾನು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೆ.

ಮಾವನವರು ಮಾತ್ರ ನಗಲಿಲ್ಲ. "ಹನ್ನೆರಡೋ ಇಪ್ಪತ್ತೋ ಇರ್ಲಿ ಕಣಮ್ಮ. ಸ್ಪ್ರಿಂಕ್ಲರ್ ಮೋಟ್ರು ಹಾಕ್ಲೋ ಬ್ಯಾಡ್ವೋ, ಅದೊಂದ್ ಹೇಳು."

ನನ್ನ ನಗು ನಿಂತಿತು. ಬಂದದ್ದು ಹನ್ನೆರಡು ಮಿಲಿಮೀಟರ್, ಅಂದರೆ ಅರ್ಧ ಇಂಚೂ ಇಲ್ಲ. ಹಾಕಿ ಮಾವ, ಈಗಲೇ ಹಾಕಿ ಎಂದೆ. ಅವರು ಕಾಫಿ ಲೋಟ ಹಿಡಿದುಕೊಂಡೇ ಜೀಪು ಹತ್ತಿದರು. ನಾನು ಹಳೆಯ ಪ್ರತಿಯಿಂದ ಆ ಸಾಲುಗಳನ್ನು ಹೆಕ್ಕಿ, ಜನರೇಟರ್ ಮೂಸಿಯೂ ನೋಡದ ಬೇರೊಂದು ಫೈಲಿಗೆ ಸಾಗಿಸಿದೆ.

ವಾರ ಕಳೆದು ತೋಟ ಹೂವಾಯಿತು. ಎಲೆಯೇ ಕಾಣದಷ್ಟು ಬಿಳಿ. ಆ ಘಮಕ್ಕೆ, ಆ ಖುಷಿಗೆ ಕುಣಿಯಬೇಕೆನ್ನಿಸಿತು. ತೋಟದ ಲೆಕ್ಕ ಬರೆಯುವ ರೈಟರು ನೋಡುತ್ತಿದ್ದರೂ ಕುಣಿದೇಬಿಟ್ಟೆ. ಅಷ್ಟರಲ್ಲಿ ಮಾವನವರಿಗೆ ಪಾಲಿಬೆಟ್ಟದ ಗೆಳೆಯರಿಂದ ಫೋನು, ಹೂವು ಹೇಗೆ ಬಂದಿದೆ ಎಂದು.

ಮಳೆಯ ಲೆಕ್ಕದಲ್ಲಿ ಜೀವಮಾನದಲ್ಲೇ ಒಂದು ಹನಿ ಸುಳ್ಳು ಹೇಳದ ಮಾವನವರು ಸುತ್ತಲೂ ಒಮ್ಮೆ ಕಣ್ಣಾಡಿಸಿ, "ಹನ್ನೆರಡು ಇಂಚಿನ ಹೂವು ಕಣಯ್ಯ" ಎಂದರು.

ಆ ಕಡೆಯವರು, ಮೊದಲ ಸಲ, ಅದರ ಮೇಲೆ ಅರ್ಧ ಇಂಚೂ ಏರಿಸದೆ, "ನೋಡೋಕೆ ಬರ್ತೀನಿ" ಎಂದರು.